ಹಾಜರು ಎಂದರೆ

ಮರವೊಂದೂ ನಿಲ್ಲದ ಫಾರೋ ದ್ವೀಪದಲ್ಲಿ
ಗಾಳಿಗೆ ಅಡ್ಡ ಎಂದರೆ ನಾವೇ.
ಬಲೆ ಹೆಣೆಯುವ ಕೊಟ್ಟಿಗೆಯ ಹಿಂದಿನ ಕೋಣೆಯಲ್ಲಿ
ನವೆಂಬರಿನ ಸಂಜೆಗಳಿಗೆಂದು ಆಟವೊಂದನ್ನು ಹೂಡಿದೆವು.
ಕಾಯಿಲ್ಲ, ದಾಳವಿಲ್ಲ, ಮಣೆಯಿಲ್ಲ,
ನಿಯಮ ತಿದ್ದುವುದೇ ನಡೆ.

ಒಂದು: ಇರುವ ನಿಯಮಕ್ಕೆ ಎಲ್ಲರೂ ತಲೆಬಾಗತಕ್ಕದ್ದು.
ಎರಡು: ಯಾವ ನಿಯಮವನ್ನೂ ತಿದ್ದಬಹುದು,
ಇದನ್ನೂ, ಮೇಲಿನದನ್ನೂ.
ಅಷ್ಟು ಸಾಕಾಯಿತು.
ಉಪ್ಪಿನ ಲೆಕ್ಕದ ಖಾತೆಪುಸ್ತಕವನ್ನು ತಿರುಗಿಸಿ
ಕೊನೆಯ ಹಾಳೆಯಿಂದ ಬರೆಯತೊಡಗಿದೆ.
ಮೂವತ್ತು ವರ್ಷ ಅಂಚೆಕಚೇರಿಯಲ್ಲಿ
ಊರಿನವರ ವಿಳಾಸದ ಕಾಗುಣಿತ ತಿದ್ದಿದ ಕೈ ಇದು,
ಸುಮ್ಮನಿರಲು ಬಾರದು.

ಹೇಗ್ನಿ ತಂದ ಹದಿನಾರನೆಯದು:
ಕಪ್ಪು ಕಾಫಿ ಕುಡಿದವರು ಸುಳ್ಳು ಹೇಳುವಂತಿಲ್ಲ.
ಮರುದಿನವೇ ಎಲ್ಲರ ಬಟ್ಟಲಿಗೂ ಹಾಲು ಬಿತ್ತು.
ಸುನ್ವಾ ತಂದ ಇಪ್ಪತ್ತೆರಡು:
ಮತ ಹಾಕುವಾಗ ಹೆಣಿಗೆಯ ಕಡ್ಡಿ ಕೆಳಗಿಡತಕ್ಕದ್ದು.
ತನಗೆ ತಾನೇ ಹಾಕಿಕೊಂಡ ದಂಡ;
ಆ ಚಳಿಗಾಲ ಅವಳ ಸ್ವೆಟರಿಗೆ ಒಂದೇ ತೋಳು.

ಕರಡು ಬರೆಯುವುದೆಂದರೆ
ಇನ್ನೂ ಹುಟ್ಟದ ಕಳ್ಳನ ತಲೆಯೊಳಗೆ ಕೂತು
ಬಾಗಿಲು ಹುಡುಕುವುದು.
'ಆಗಬಹುದು' ಎಂದರೆ ಒಂದು ಕಿಂಡಿ,
'ಆಗತಕ್ಕದ್ದು' ಎಂದರೆ ಒಂದು ಅಗುಳಿ,
'ಸಾಮಾನ್ಯವಾಗಿ' ಎಂದು ಬರೆದರೆ
ಇಡೀ ಗೋಡೆಯೇ ಇಲ್ಲ.
ನಿಯಮ ಒಂದು ಸಾಲು, ವಿವರಣೆ ಒಂಬತ್ತು.
ಮೂಗಿಗಿಂತ ಮೂಗುತಿ ಭಾರ.

ನಲವತ್ತೊಂದು ತೋರ್ಫಿನ್ನೂರ್‌ನದು:
ಎಲ್ಲರೂ ಹಾಜರಿದ್ದಾಗ ಮಾತ್ರ ಮತ ನಡೆಯತಕ್ಕದ್ದು.
ಸರ್ವಾನುಮತ. ಚಪ್ಪಾಳೆ ಕೂಡ ತಟ್ಟಿದೆವು.

ನಲವತ್ತಮೂರಕ್ಕೆ ಎಡವಿದೆವು.
ನಾನು ಬರೆದದ್ದು ಹೀಗೆ, ಗಡಿಬಿಡಿಯಲ್ಲಿ:
ಸೋತವನು ಎದ್ದು ಹೋಗಬಹುದು ಆಟ ಮುಗಿದ ಮೇಲೆ ಅಂಕ ಎಣಿಸತಕ್ಕದ್ದು.
ಅಲ್ಪವಿರಾಮ 'ಮೇಲೆ' ಆದ ಮೇಲೆ, ಅಂದೆವು ನಾವು ಮೂವರು.
'ಹೋಗಬಹುದು' ಆದ ಕೂಡಲೇ, ಅಂದ ತೋರ್ಫಿನ್ನೂರ್,
ಸೋತಿದ್ದ,
ಎದ್ದು ಹೋದ.

ರಾಜೀನಾಮೆಯನ್ನಾದರೂ ಕೊಟ್ಟಿದ್ದರೆ!
ಆಟಗಾರನಾಗಿಯೇ ಉಳಿದು ಆಟಕ್ಕೆ ಬಾರದವನು
ಬೀಗದೊಳಗೆ ಮುರಿದ ಕೀಲಿಯ ತುಂಡು.
ಅವನನ್ನು ಕೈಬಿಡಲು ನಿಯಮ ಬೇಕು,
ನಿಯಮಕ್ಕೆ ಮತ ಬೇಕು,
ಮತಕ್ಕೆ ಅವನೇ ಬೇಕು.
ಹದಿನೇಳು ಸಂಜೆ ಹಾಲು ಹಾಕಿದ ಕಾಫಿ ಕುಡಿದು
ಏನೂ ಬೇಸರವಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿದೆವು.

ಕಿಟಕಿಯಾಚೆ ದಿನವೂ ಐದಕ್ಕೆ
ಕುರಿಗಳಿಗೆ ಮೇವು ಹೊತ್ತು ಅವನೇ ಹಾಯುತ್ತಿದ್ದ,
ಮುಖ ಕಡಲಿನ ಕಡೆಗೆ.

'ಬಿರ್ಗಿತಾ, ಹಾಜರು ಎಂದರೇನೆಂದು ಎಲ್ಲಿ ಬರೆದಿದೆ?'
ಸುನ್ವಾ ಕೇಳಿದಳು. ಆ ವಾರ ನ್ಯಾಯಾಧೀಶೆ ಅವಳೇ.
ಖಾತೆಪುಸ್ತಕ ತಿರುವಿ ಹಾಕಿದೆ.
ಎಲ್ಲೂ ಇಲ್ಲ.
'ಹಾಗಾದರೆ ತೀರ್ಪು:
ಮೇಜಿಗೆ ಕಾಣಿಸುವವನು ಹಾಜರು.'

ಐದು ಗಂಟೆ. ಕರಡು ಐವತ್ತೆಂಟು:
ಒಬ್ಬನಿಲ್ಲದೆಯೂ ಆಟ ನಡೆಯತಕ್ಕದ್ದು.
ಒಪ್ಪುವವರು ಕೈ ಎತ್ತಿ.
ನಮ್ಮ ಮೂರು ಕೈ ಎದ್ದವು.
ಆಚೆ ಗಾಳಿ ಬೀಸಿತು,
ಟೋಪಿ ಹಾರದಂತೆ ಅವನೂ ಎತ್ತಿದ.

'ನಾಲ್ಕು!' ಕಿಟಕಿ ತೆರೆದು ಹೇಗ್ನಿ ಕೂಗಿದ,
'ನಿನ್ನ ಮತದಿಂದಲೇ ನಿನ್ನನ್ನು ಬಿಟ್ಟೆವು!'

ಮೇವಿನ ಕಟ್ಟು ದಾರಿಯಲ್ಲೇ ಬಿತ್ತು.
ಬಾಗಿಲು ದೂಡಿ ಹೊಸ್ತಿಲಲ್ಲಿ ನಿಂತ, ಮಂಜು ಅವನ ಹಿಂದೆ ನುಗ್ಗಿತು.
'ಟೋಪಿ ಹಿಡಿಯುವುದು ಮತವಲ್ಲ! ಆಕ್ಷೇಪಣೆ!'

'ಆಕ್ಷೇಪಣೆ ಎತ್ತುವವನು ಆಟಗಾರನಾಗಿರತಕ್ಕದ್ದು,'
ಓದಿದೆ, ಕನ್ನಡಕ ಸರಿಮಾಡಿಕೊಂಡು. 'ನಿಯಮ ಒಂಬತ್ತು.
ನೀನು ಆಟಗಾರನೋ?'

ಬಹಳ ಹೊತ್ತು ನೋಡಿದ.
ನನ್ನನ್ನು, ತೋಳಿಲ್ಲದ ಸ್ವೆಟರನ್ನು,
ಇಷ್ಟು ದಿನ ಯಾರೂ ಸರಿಸದ
ತನ್ನ ಕುರ್ಚಿಯನ್ನು.

'ಅಲ್ಪವಿರಾಮ ಎಲ್ಲಿ ಹಾಕಿದಿರಿ?' ಅಂದ.
'ಎಲ್ಲೂ ಇಲ್ಲ. ಮತಕ್ಕೆ ನೀನಿರಲಿಲ್ಲವಲ್ಲ.'

ಬಗ್ಗಿ ಒಂದು ಬೂಟು ಕಳಚಿದ.
ಐವತ್ತೆಂಟರ ಮೇಲೆ ಗೀಟು ಎಳೆಯಲು
ಪೆನ್ಸಿಲಿಗೆ ಕೈಹಾಕಿ ತಡೆದೆ:
ಅದಕ್ಕೂ ಮತ ಬೇಕು.

ಇನ್ನೊಂದು ಬೂಟು ಕಾಲಲ್ಲೇ ಇದೆ.
ಅದರ ಬಗ್ಗೆ ಯಾವ ನಿಯಮವೂ ಇಲ್ಲ,
ಸದ್ಯಕ್ಕೆ.